ವನ್ಯಮೃಗಕ್ಕೆ ಎಷ್ಟು ಸಮೀಪ?

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಹಿಡಕಲ್ಲಿಗೆ ಹೋಗಿದ್ದೆವು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯವು 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಅಷ್ಟು ನೀರು ಅಣೆಕಟ್ಟಿನ ಬುಡದ ಮೇಲೆ ಎಷ್ಟು ಒತ್ತಡವನ್ನು ಹಾಕುವುದೆಂಬ ಲೆಕ್ಕವನ್ನು ಸ್ಥಳದಲ್ಲಿಯೇ ಮಾಡಿಸಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಲೆಕ್ಕ ಮುಗಿಯಿತು, ನೆರಳಿನಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದೆವು. ಆಗ ಮಾತು ಹೇಗೋ ನಮ್ಮ ಆಫ್ರಿಕ ಪ್ರವಾಸದ ಕಡೆಗೆ ಹೊರಳಿತು.

“ಸರ್, ಆನಿ ಎಷ್ಟ್ ಸಮೀಪ ಬಂದಿತ್ರೀ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ.

ಹದಿನೈದು ಮೀಟರು ಇದ್ದೀತು ಎಂದೆವು. “ಭಾರಿ ಆತ್ ಬಿಡ್ರೀ ಸರ್!” ಎಂದು ಎಲ್ಲರೂ ಬೆರಗಾದರು. ಆ ಮೆಚ್ಚುಗೆಯನ್ನು ಕೇಳಿ ನಮಗೆ ಹಿಗ್ಗಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ದಿನ ಸಂಜೆ ಅದೇ ವಿದ್ಯಾರ್ಥಿ ನಮಗೆ ಇನ್ನೊಂದು ಪ್ರಶ್ನೆಯನ್ನು ಹಾಕಿದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಈಗ ಬರೆದು ಕೊಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ. ಮೊದಲು ಆನೆಯ ಕಥೆಯನ್ನು ಹೇಳಬೇಕು.

ಕೀನ್ಯ ದೇಶದ ದಕ್ಷಿಣದ ಅಂಚಿನಲ್ಲಿ ಅಂಬೊಸೆಲಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅದರ ವಿಸ್ತೀರ್ಣ 392 ಚದರ ಕಿಲೋಮೀಟರು. ಗಡಿಯ ಆಚೆ ಟಾಂಜಾನಿಯದಲ್ಲಿ 5,895 ಮೀಟರು ಎತ್ತರದ ಕಿಲಿಮಂಜಾರೊ ಪರ್ವತವು ಹಿಮದ ಟೊಪ್ಪಿಗೆಯನ್ನು ಧರಿಸಿ ನಿಂತಿರುವುದು ಮುಂಜಾನೆಯ ಹೊತ್ತು ಸ್ಪಷ್ಟವಾಗಿ ಕಾಣುತ್ತದೆ. ಎರಡು ವರ್ಷಗಳ ಹಿಂದೆ ನಾವು ಮೂವರು ಅಧ್ಯಾಪಕ ಮಿತ್ರರೊಡನೆ ಅಲ್ಲಿಗೆ ಹೋಗಿದ್ದೆವು. ನಮ್ಮ ಜೀಪಿನ ಚಾಲಕನು ಐವತ್ತರ ಆಸುಪಾಸಿನ ಮಿತಭಾಷಿ. ವಾಹನದಿಂದ ಇಳಿಯಕೂಡದು, ಹಾಕಿರುವ ದಾರಿಯನ್ನು ಬಿಟ್ಟು ಹೋಗಕೂಡದು ಎಂಬ ಅಲ್ಲಿನ ನಿಯಮಗಳನ್ನು ಹೊರಡುವ ಮೊದಲೇ ತಿಳಿಸಿದ್ದನು.

ಎರಡನೆಯ ದಿನ ಬೆಳಗ್ಗೆ ಜಾಲಿಮರಗಳ ಅಂಚಿನಲ್ಲಿ ಒಂದು ದೊಡ್ಡ ಗಂಡಾನೆ ಒಂಟಿಯಾಗಿ ಮೇಯುತ್ತಿತ್ತು. ಚಾಲಕನು ದಾರಿಯ ಮೇಲೆಯೇ ಜೀಪನ್ನು ನಿಲ್ಲಿಸಿದನು. ಆನೆಗೂ ನಮಗೂ ನಡುವೆ ಸುಮಾರು ಅರವತ್ತು ಮೀಟರು. ನೋಡುವುದಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿತ್ತು. ಆದರೆ ನಮ್ಮ ಕೈಯಲ್ಲಿದ್ದ ಮೊಬೈಲ್ ಫೋನಿನ ತೆರೆಯ ಮೇಲೆ ಆನೆಯು ಇಲಿಯಷ್ಟೇ ಕಾಣುತ್ತಿತ್ತು. ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣವೆಂದೆವು. ಆತ ತಲೆಯಾಡಿಸಿ ಒಲ್ಲೆನೆಂದ. ಇನಾಮಿನ ಮಾತನ್ನಾಡಿದೆವು. ಅದನ್ನು ಆಡಿದವರು ಬೇರಾರೂ ಅಲ್ಲ, ಈ ಲೇಖನವನ್ನು ಬರೆಯುತ್ತಿರುವ ನಾವೇ. ಪ್ರವಾಸಿಗರ ಸಂತೋಷದ ಮೇಲೆ ಸಂಸಾರವನ್ನು ಸಾಗಿಸುವ ಮನುಷ್ಯನು ಎಷ್ಟು ಸಲ ಇಲ್ಲವೆಂದಾನು? ಆತ ದಾರಿಯನ್ನು ಬಿಟ್ಟು ಇಪ್ಪತ್ತೈದು ಮೀಟರಿನಷ್ಟು ಒಳಗೆ ಹೋಗಿ ನಿಲ್ಲಿಸಿದನು. ನಿಲ್ಲಿಸಿದೊಡನೆ ಆನೆಯ ಕಪೋಲದ ಕಡೆಗೆ ಬೆರಳು ಮಾಡಿ ತೋರಿಸಿದನು. ಕಣ್ಣಿನ ಹಿಂದಿನಿಂದ ಗಲ್ಲದವರೆಗೆ ಒಂದು ಕಪ್ಪು ಒದ್ದೆಯ ಗೆರೆ ಇಳಿದಿತ್ತು.

ಅದೇನೆಂದು ನಮಗೆ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಆನೆಯು ನಮ್ಮ ಕಡೆಗೆ ತಿರುಗಿತ್ತು. ತಲೆಯನ್ನು ಮೇಲೆತ್ತಿ, ಎರಡು ಕಿವಿಗಳನ್ನೂ ಮೊರಗಳಂತೆ ಅಗಲಿಸಿ, ಕೂಗಿಲ್ಲದೆ ನೇರವಾಗಿ ನಮ್ಮತ್ತ ನುಗ್ಗಿತು. ಧೂಳಲ್ಲದೆ ಬೇರೇನೂ ಕಾಣಿಸಲಿಲ್ಲ. ಸುಮಾರು ಹದಿನೈದು ಮೀಟರು ದೂರದಲ್ಲಿ ಅದು ಒಮ್ಮೆಲೇ ನಿಂತು, ತಲೆಯನ್ನು ಜೋರಾಗಿ ಕೊಡವಿತು. ಕಿವಿಗಳು ಕುತ್ತಿಗೆಗೆ ಬಡಿದ ಸದ್ದು ಕೇಳಿಸಿತು. ಚಾಲಕನು “ಪೋಲೆ, ಪೋಲೆ” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಜೀಪನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತೆಗೆದನು. ಆ ದೇಶದ ಸ್ವಾಹಿಲಿ ಭಾಷೆಯಲ್ಲಿ ಈ ಮಾತಿಗೆ ನಿಧಾನ ಎಂದರ್ಥ. ಆನೆಯು ನಮ್ಮನ್ನು ನೋಡುತ್ತ ಕೆಲವು ಕ್ಷಣ ನಿಂತಿದ್ದು, ಬಳಿಕ ಮೇಯುತ್ತಿದ್ದ ಸ್ಥಳಕ್ಕೂ ಹೋಗದೆ ಜಾಲಿಯ ಕಾಡಿನೊಳಗೆ ನಡೆದುಬಿಟ್ಟಿತು.

ನಮಗೆ ದೊರೆತ ಚಿತ್ರದಲ್ಲಿ ಇರುವುದು ಧೂಳು, ಮತ್ತು ಅಲುಗಿ ಮಸುಕಾದ ಅರ್ಧ ಕಿವಿ. ಬಿಡಾರಕ್ಕೆ ಮರಳುವವರೆಗೆ ಚಾಲಕನು ಮಾತನಾಡಲಿಲ್ಲ. ಇಳಿಯುವಾಗ ಇಷ್ಟನ್ನೇ ಹೇಳಿದ: “ಅದು ಬರಿಯ ಬೆದರಿಕೆ. ಆದರೆ ಬೆದರಿಕೆಯೋ ನಿಜವೋ ಎಂಬುದು ಕೊನೆಯ ಹತ್ತು ಹೆಜ್ಜೆಗಳಲ್ಲಿ ಮಾತ್ರ ತಿಳಿಯುತ್ತದೆ.” ಇನಾಮನ್ನು ಕೊಡಹೋದರೆ ಆತ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ನಾವು ಕಾಗದದ ಮೇಲೆ ಒಂದು ಲೆಕ್ಕವನ್ನು ಹಾಕಿದೆವು. ತರುಣ ವಾಚಕರೂ ನಮ್ಮೊಡನೆ ಅದನ್ನು ಹಾಕಲಿ. ಆನೆಯು ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ನುಗ್ಗಬಲ್ಲುದು. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರು. ಮೂವತ್ತೈದು ಮೀಟರು ದೂರದಲ್ಲಿ ನಿಂತಿದ್ದ ಆನೆಯು ಇಪ್ಪತ್ತು ಮೀಟರು ಓಡಿ ಬಂದುದು ಸುಮಾರು ಮೂರು ಸೆಕೆಂಡುಗಳಲ್ಲಿ. ಉಳಿದ ಹದಿನೈದು ಮೀಟರಿಗೆ ಬೇಕಾಗಿದ್ದುದು ಎರಡೇ ಸೆಕೆಂಡು. ಅಪಾಯವನ್ನು ಕಂಡು, ಅದು ಅಪಾಯವೆಂದು ತಿಳಿದು, ಕೈಕಾಲುಗಳನ್ನು ಆಡಿಸುವುದಕ್ಕೆ ವಾಹನ ನಡೆಸುವವನಿಗೆ ಒಂದರಿಂದ ಒಂದೂವರೆ ಸೆಕೆಂಡು ಬೇಕಾಗುತ್ತದೆ. ಇದನ್ನು ಕಳೆದರೆ ನಮ್ಮ ಪಾಲಿಗೆ ಉಳಿದಿದ್ದುದು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಅಷ್ಟೆ. ಇನ್ನು ಹೊಡೆತದ ಬಲವೆಷ್ಟು? ಆನೆಯ ದ್ರವ್ಯರಾಶಿಯನ್ನು 5,000 ಕಿಲೋಗ್ರಾಂ ಎಂದಿಟ್ಟುಕೊಂಡರೆ, ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಾಗ ಅದರ ಚಲನಶಕ್ತಿಯು 1,22,500 ಜೂಲ್ ಆಗುತ್ತದೆ. ಒಂದು ಟನ್ ತೂಕದ ಮೋಟಾರು ಕಾರು ಗಂಟೆಗೆ 56 ಕಿಲೋಮೀಟರು ವೇಗದಲ್ಲಿ ಬಂದು ಬಡಿದರೆ ಇಷ್ಟೇ ಶಕ್ತಿ. ಪ್ರತಿ ವರ್ಷ ತರಗತಿಯಲ್ಲಿ ಈ ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುವ ನಾವು, ಆ ಬೆಳಗ್ಗೆ ಜೀಪಿನಲ್ಲಿ ಕುಳಿತಿದ್ದಾಗ ಅದನ್ನು ನೆನೆಯಲೇ ಇಲ್ಲ.

ನೆನೆಯದೆ ಹೋದ ಸಂಗತಿ ಇನ್ನೊಂದೂ ಉಂಟು. ಆನೆಯ ಕಪೋಲದ ಮೇಲೆ ಇಳಿದಿದ್ದ ಆ ಒದ್ದೆಯ ಗೆರೆಯೇ ಮದಜಲ. ಕನ್ನಡವನ್ನು ಓದಬಲ್ಲ ಯಾರಿಗೆ ‘ಮದಗಜ’ವೆಂಬ ಮಾತು ತಿಳಿಯದು? ನಮ್ಮ ಕವಿಗಳೂ ಮಾವುತರೂ ಬಹುಕಾಲದಿಂದ ಬಲ್ಲ ಸಂಗತಿ ಅದು. ಆಫ್ರಿಕದ ಆನೆಗಳಿಗೂ ಮದವೇರುವುದೆಂಬುದನ್ನು ವಿಜ್ಞಾನಿಗಳು ಒಪ್ಪಿದ್ದು ತೀರ ಈಚೆಗೆ. ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಎಂಬ ಇಬ್ಬರು ಮಹಿಳೆಯರು 1981ರಲ್ಲಿ ಅದನ್ನು ಪ್ರಕಟಿಸಿದರು. ಅವರು ಅಧ್ಯಯನ ನಡೆಸಿದ ಸ್ಥಳವೂ ಈ ಅಂಬೊಸೆಲಿಯೇ. ಶಬ್ದವನ್ನು ಬಾಲ್ಯದಿಂದ ಬಲ್ಲ ನಾವು ವಸ್ತುವು ಕಣ್ಣೆದುರಿಗೆ ಬಂದು ನಿಂತಾಗ ಗುರುತಿಸದೆ ಹೋದೆವು.

ಆ ಆನೆಗೆ ನಾವು ಹೇಗೆ ತೋರಿರಬಹುದು? ಸ್ವಿಟ್ಸರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ (1908–1992) ಈ ಪ್ರಶ್ನೆಗೆ ಒಂದು ಅಳತೆಗೋಲನ್ನು ಒದಗಿಸಿದ್ದಾನೆ. ಪ್ರತಿಯೊಂದು ಕಾಡುಪ್ರಾಣಿಯ ಸುತ್ತಲೂ ಕಣ್ಣಿಗೆ ಕಾಣದ ಎರಡು ವೃತ್ತಗಳಿರುವುವೆಂದು ಭಾವಿಸಿರಿ. ಹೊರಗಿನ ವೃತ್ತವನ್ನು ಶತ್ರುವು ದಾಟಿದರೆ ಪ್ರಾಣಿಯು ಓಡಿಹೋಗುತ್ತದೆ. ಇದು ಪಲಾಯನದ ದೂರ. ಓಡುವುದಕ್ಕೆ ಎಡೆಯಿಲ್ಲದೆ ಹೋಗಿ, ಶತ್ರುವು ಒಳಗಿನ ವೃತ್ತವನ್ನೂ ದಾಟಿದರೆ ಪ್ರಾಣಿಯು ಮೇಲೆ ಬೀಳುತ್ತದೆ. ಇದು ನಿರ್ಣಾಯಕ ದೂರ. ಈ ತ್ರಿಜ್ಯಗಳು ಸ್ಥಿರವಲ್ಲ. ಮರಿ ಜೊತೆಯಲ್ಲಿದ್ದರೆ ಒಂದು ಬಗೆ, ಹಸಿವಾಗಿದ್ದರೆ ಒಂದು ಬಗೆ, ಮನುಷ್ಯನಿಂದ ಹಿಂದೆ ಪೆಟ್ಟು ತಿಂದಿದ್ದರೆ ಮತ್ತೊಂದು ಬಗೆ. ಮದವೇರಿದ ಗಂಡಾನೆಯಂತೂ ಓಡಿಹೋಗುವ ಯೋಚನೆಯನ್ನೇ ಮಾಡುವುದಿಲ್ಲ. ಹಾಗಿರುವಾಗ ದೂರದ ಊರಿನಿಂದ ಒಂದು ವಾರದ ಮಟ್ಟಿಗೆ ಬಂದ ನಮ್ಮಂಥವರು ಆ ವೃತ್ತ ಎಲ್ಲಿದೆಯೆಂದು ಊಹಿಸುವುದಾದರೂ ಹೇಗೆ?

ಇದಲ್ಲದೆ, ನಾವು ಸಮೀಪವೆಂದು ಎಣಿಸುವುದಕ್ಕೆ ಬಹಳ ಮೊದಲೇ ಪ್ರಾಣಿಯ ಪಾಲಿಗೆ ನಾವು ಸಮೀಪಕ್ಕೆ ಬಂದಿರುತ್ತೇವೆ. ಆನೆಗಳು ಮನುಷ್ಯನ ಕಿವಿಗೆ ಕೇಳದಷ್ಟು ಮಂದ್ರವಾದ ಧ್ವನಿಗಳಿಂದ ಪರಸ್ಪರ ಮಾತನಾಡಿಕೊಳ್ಳುತ್ತವೆ. ಅಮೆರಿಕದ ಕೇಟಿ ಪೇನ್ 1984ರಲ್ಲಿ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಆನೆಗಳ ಬಳಿ ನಿಂತಿದ್ದಾಗ ಗಾಳಿಯಲ್ಲಿ ಒಂದು ಬಗೆಯ ಕಂಪನವು ಆಕೆಯ ಅನುಭವಕ್ಕೆ ಬಂದಿತು. ಧ್ವನಿಮುದ್ರಣ ಮಾಡಿ ನೋಡಿದಾಗ ಆ ಏಷ್ಯದ ಆನೆಗಳ ಕೂಗು 14ರಿಂದ 24 ಹರ್ಟ್ಸ್ ಆವೃತ್ತಿಯಲ್ಲಿದ್ದುದು ತಿಳಿಯಿತು. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರು ಎಂದಿಟ್ಟುಕೊಂಡರೆ 15 ಹರ್ಟ್ಸಿನ ತರಂಗದ ಉದ್ದವು ಸುಮಾರು 23 ಮೀಟರು. ಇಷ್ಟು ಉದ್ದದ ತರಂಗಕ್ಕೆ ಗಿಡಮರಗಳು ಅಡ್ಡಿಯೇ ಅಲ್ಲ. ಅದು ಅವುಗಳನ್ನು ಬಳಸಿಕೊಂಡು ಕಿಲೋಮೀಟರುಗಟ್ಟಲೆ ಸಾಗುತ್ತದೆ. ಈಗ ನಮ್ಮ ಜೀಪಿನ ಕಡೆಗೆ ಬನ್ನಿರಿ. ನಾಲ್ಕು ಸಿಲಿಂಡರುಗಳ ಎಂಜಿನ್ ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 27 ಸಲ ಅದರೊಳಗೆ ಇಂಧನವು ಸಿಡಿಯುತ್ತದೆ. ಅಂದರೆ ಆ ಗುಡುಗುಡು ಸದ್ದು ಆನೆಗಳ ಸಂಭಾಷಣೆಯ ಸ್ವರಕ್ಕೆ ತೀರ ಹತ್ತಿರದ್ದು. ಇಬ್ಬರು ಮೆಲ್ಲಗೆ ಮಾತನಾಡುತ್ತಿರುವಾಗ ಮೂರನೆಯವನು ಬಂದು ನಡುವೆ ಡೊಳ್ಳು ಬಾರಿಸಿದಂತೆ ನಾವು ಅಲ್ಲಿ ನಿಂತಿದ್ದೆವು. ನಮಗೆ ಮಾತ್ರ ಕಾಡೆಲ್ಲ ನಿಶ್ಶಬ್ದವಾಗಿ ತೋರಿತ್ತು.

ಆದುದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಕಾಡುಪ್ರಾಣಿಗೂ ನಮಗೂ ನಡುವೆ ಇರುವ ದೂರವು ನಮ್ಮ ಸೊತ್ತಲ್ಲ, ಆ ಪ್ರಾಣಿಯ ಸೊತ್ತು. ಅದನ್ನು ಕಡಿಮೆ ಮಾಡುವ ಹಕ್ಕು ಪ್ರಾಣಿಗೆ ಉಂಟು, ನಮಗಿಲ್ಲ. ಎಷ್ಟು ಸಮೀಪಕ್ಕೆ ಹೋಗಿದ್ದೆ ಎಂಬುದು ಪ್ರವಾಸಿಯ ಹೆಗ್ಗಳಿಕೆಯಾಗಬಾರದು. ನಾವು ಬಂದಾಗ ಮೇಯುತ್ತಿದ್ದ ಪ್ರಾಣಿ ನಾವು ಹೊರಟಾಗಲೂ ಮೇಯುತ್ತಿತ್ತೇ ಎಂದು ಕೇಳಿಕೊಳ್ಳಬೇಕು. ಅಂಬೊಸೆಲಿಯ ನಮ್ಮ ಸಾಹಸವನ್ನು ಈ ಒರೆಗಲ್ಲಿಗೆ ತಿಕ್ಕಿದರೆ ಅದು ಬರಿಯ ಹಿತ್ತಾಳೆ.

ಅನೇಕ ದೇಶಗಳು ಇದನ್ನು ಮನಗಂಡು ದೂರವನ್ನು ಕಾನೂನಿನಲ್ಲಿಯೇ ಬರೆದಿಟ್ಟಿವೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಕರಡಿ ಮತ್ತು ತೋಳಗಳಿಂದ 100 ಗಜ, ಕಾಡೆಮ್ಮೆಗಳೇ ಮೊದಲಾದ ಇತರ ಪ್ರಾಣಿಗಳಿಂದ 25 ಗಜ ದೂರವಿರಬೇಕೆಂದು ಕಟ್ಟಪ್ಪಣೆಯಿದೆ. ಉತ್ತರ ಧ್ರುವಕ್ಕೆ ಸಮೀಪದ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರಿಂದ ಹಿಮಕರಡಿಗೂ ಮನುಷ್ಯನಿಗೂ ನಡುವೆ 300 ಮೀಟರು ಅಂತರವಿರಬೇಕು. ಮಾರ್ಚಿಯಿಂದ ಜೂನ್ ಕೊನೆಯವರೆಗೆ 500 ಮೀಟರು. ನಮ್ಮ ಕರ್ನಾಟಕದ ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರು ಗಂಟೆಯವರೆಗೆ ವಾಹನಸಂಚಾರವನ್ನು ನಿರ್ಬಂಧಿಸಿರುವುದೂ ಒಂದು ಬಗೆಯ ಅಂತರವೇ. ಅಲ್ಲಿ ಅಂತರವನ್ನು ಮೀಟರುಗಳಿಂದ ಅಳೆಯದೆ ಗಂಟೆಗಳಿಂದ ಅಳೆದಿದ್ದಾರೆ.

ಆದರೆ ಹಗಲು ಹೊತ್ತಿನಲ್ಲಿ ಆ ರಸ್ತೆಯ ಮೇಲೆ ನಡೆಯುವುದೇನು? 2025ರ ಆಗಸ್ಟ್ ತಿಂಗಳಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಒಬ್ಬರು ವಾಹನದಿಂದಿಳಿದು ಕಾಡಾನೆಯ ಚಿತ್ರವನ್ನು ತೆಗೆಯಹೋದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿ ತುಳಿಯಿತು. ಅವರು ಬದುಕಿ ಉಳಿದುದು ದೈವಕೃಪೆ. ಇಂಥವರನ್ನು ಮೂರ್ಖರೆಂದು ಹಳಿದು ಸುಮ್ಮನಾಗುವುದು ಸುಲಭ. ನಮಗೆ ಮಾತ್ರ ಆ ಧೈರ್ಯವಿಲ್ಲ. ಇದರಲ್ಲಿ ಭೌತಶಾಸ್ತ್ರದ ಒಂದು ಮೋಸವೂ ಸೇರಿದೆಯೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಮೊಬೈಲ್ ಫೋನಿನ ಸಾಮಾನ್ಯ ಮಸೂರವು ಬಹಳ ಅಗಲವಾದ ನೋಟವನ್ನು ಒಂದು ಪುಟ್ಟ ಚೌಕಟ್ಟಿನೊಳಗೆ ತುಂಬುತ್ತದೆ. ಐವತ್ತು ಮೀಟರು ದೂರದಲ್ಲಿರುವ ಮೂರು ಮೀಟರು ಎತ್ತರದ ಆನೆಯು ನಮ್ಮ ಕಣ್ಣಿನಲ್ಲಿ ಸುಮಾರು ಮೂರೂವರೆ ಡಿಗ್ರಿಯ ಕೋನವನ್ನು ಮಾಡುತ್ತದೆ. ನಿಂತಂತೆ ಹಿಡಿದ ಫೋನಿನ ನೋಟವು ಅರುವತ್ತು ಎಪ್ಪತ್ತು ಡಿಗ್ರಿಗಳಷ್ಟು. ಆದಕಾರಣ ಚಿತ್ರದ ಎತ್ತರದಲ್ಲಿ ಆನೆಗೆ ದೊರೆಯುವುದು ಇಪ್ಪತ್ತರಲ್ಲಿ ಒಂದು ಪಾಲು. ತೆರೆಯನ್ನು ನೋಡುತ್ತಿರುವವನಿಗೆ ಆನೆಯು ಎಷ್ಟೋ ದೂರದಲ್ಲಿರುವಂತೆ ತೋರಿ, ಕಾಲು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ತನ್ನ ಮುಖವೂ ಚಿತ್ರದಲ್ಲಿ ಬರಬೇಕೆಂದು ಬಯಸಿದವನಂತೂ ಆನೆಗೆ ಬೆನ್ನು ಮಾಡಿಯೇ ನಿಂತಿರುತ್ತಾನೆ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಹತ್ತಿರಕ್ಕೆ ಹೋಗದೆ ಪ್ರೀತಿ ಹುಟ್ಟುವುದೆಂತು, ಪ್ರೀತಿಯಿಲ್ಲದೆ ಕಾಡನ್ನು ಉಳಿಸುವವರಾರು ಎಂಬುದು ಮೊದಲನೆಯದು. ಜೇನ್ ಗುಡಾಲ್ ಚಿಂಪಾಂಜಿಗಳ ನಡುವೆಯೇ ಕುಳಿತಿರಲಿಲ್ಲವೇ ಎಂದು ಕೇಳುವರು. ಕುಳಿತಿದ್ದುದು ನಿಜ. ಆದರೆ 1960ರ ಜುಲೈ ತಿಂಗಳಿನಲ್ಲಿ ಆಕೆ ಟಾಂಜಾನಿಯದ ಗೊಂಬೆ ಎಂಬಲ್ಲಿಗೆ ಹೋದಾಗ ಚಿಂಪಾಂಜಿಗಳು ನೂರಾರು ಮೀಟರು ದೂರದಿಂದಲೇ ಕಂಡು ಪರಾರಿಯಾಗುತ್ತಿದ್ದುವು. ಆಕೆ ಬೆನ್ನಟ್ಟಲಿಲ್ಲ. ಒಂದು ಗುಡ್ಡದ ನೆತ್ತಿಯ ಮೇಲೆ ದಿನವೂ ಎಲ್ಲರಿಗೂ ಕಾಣುವಂತೆ ಕುಳಿತು, ದುರ್ಬೀನಿನಿಂದ ನೋಡುತ್ತ, ತಿಂಗಳುಗಟ್ಟಲೆ ಕಾದಳು. ಕೊನೆಗೆ ದೂರವನ್ನು ಕಡಿಮೆ ಮಾಡಿದುದು ಚಿಂಪಾಂಜಿ. ಜೀಪಿನಲ್ಲಿ ಹೋಗಿ ಐದು ನಿಮಿಷದಲ್ಲಿ ಕಸಿದುಕೊಳ್ಳುವ ಸಾಮೀಪ್ಯಕ್ಕೂ ಇದಕ್ಕೂ ಹೋಲಿಕೆಯೆಲ್ಲಿ?

ಎರಡನೆಯ ಆಕ್ಷೇಪಣೆಯು ಹೆಚ್ಚು ತೂಕದ್ದು. ಖಾನಾಪುರದ ಕಡೆಯ ರೈತನ ಗದ್ದೆಗೆ ರಾತ್ರಿಯ ಹೊತ್ತು ಆನೆ ನುಗ್ಗುವಾಗ ನಡುವಿನ ದೂರವನ್ನು ನಿಶ್ಚಯಿಸುವವನು ರೈತನಲ್ಲ. 2022ರ ಆಗಸ್ಟ್‌ನಲ್ಲಿ ಬೆಳಗಾವಿ ನಗರದೊಳಗೆ ಚಿರತೆಯೊಂದು ಬಂದು, ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿ, ಸಕ್ರೆಬೈಲಿನ ಆನೆಗಳೂ ಡ್ರೋನುಗಳೂ ವಾರಗಟ್ಟಲೆ ಹುಡುಕಿದರೂ ಸಿಕ್ಕದೆ ಹೋಯಿತು. ಸುತ್ತಲಿನ ಶಾಲೆಗಳಿಗೆ ರಜೆಯನ್ನು ಕೊಡಬೇಕಾಯಿತು. ಆ ಮಕ್ಕಳ ತಾಯಿತಂದೆಗಳಿಗೆ ದೂರದ ಮಹಿಮೆಯನ್ನು ಉಪದೇಶಿಸುವ ಉದ್ಧಟತನ ನಮಗಿಲ್ಲ. ಪೈರನ್ನು ಕಳೆದುಕೊಂಡವನಿಗೆ ಪರಿಹಾರವೂ ಕಾವಲೂ ಸಕಾಲಕ್ಕೆ ದೊರೆಯಬೇಕು. ಆದರೆ ಒಂದನ್ನು ಗಮನಿಸಿರಿ. ಹಾಗೆ ಬಾಳುವ ರೈತನು ಆನೆ ಸಮೀಪಕ್ಕೆ ಬಂದುದನ್ನು ರೋಮಾಂಚವೆಂದು ವರ್ಣಿಸುವುದಿಲ್ಲ. ಅದು ಅವನಿಗೆ ನಷ್ಟದ ಲೆಕ್ಕ. ಸಾಮೀಪ್ಯವು ವಿನೋದವಾಗಿ ತೋರುವುದು ಮರುದಿನ ಊರಿಗೆ ಮರಳಲಿರುವ ನಮ್ಮಂಥವರಿಗೆ ಮಾತ್ರ.

ಈಗ ಆ ಭಾನುವಾರದ ಸಂಜೆಗೆ ಬರೋಣ. ಹಿಡಕಲ್ಲಿನಿಂದ ಹೊಳೆಯ ಹರಿವನ್ನು ಅನುಸರಿಸಿ ಕೆಳಗೆ ಬಂದರೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹಿಂದೆ ನಿಂತ ನೀರೂ ಸುತ್ತಲಿನ ನೆಲವೂ ಸೇರಿ ಘಟಪ್ರಭಾ ಪಕ್ಷಿಧಾಮ. 1974ರಲ್ಲಿ ಘೋಷಿತವಾದ ಈ ಅಭಯಾರಣ್ಯದ ವಿಸ್ತೀರ್ಣ 29.78 ಚದರ ಕಿಲೋಮೀಟರು. ಚಳಿಗಾಲದಲ್ಲಿ ಇಲ್ಲಿಗೆ ಯುರೋಪಿನ ಬಿಳಿ ಕೊಕ್ಕರೆಯೂ, ಡೆಮೋಸೆಲ್ ಎಂಬ ಕ್ರೌಂಚಪಕ್ಷಿಯೂ ಬರುತ್ತವೆ. ಈ ಕ್ರೌಂಚಗಳು ಮೊಟ್ಟೆಯಿಡುವುದು ಮಧ್ಯ ಏಷ್ಯ ಮತ್ತು ಮಂಗೋಲಿಯದ ಹುಲ್ಲುಗಾವಲುಗಳಲ್ಲಿ. ಭಾರತಕ್ಕೆ ಬರುವಾಗ ಹಿಮಾಲಯವನ್ನು ದಾಟುವ ಗುಂಪುಗಳೂ ಉಂಟು. ಎರಡು ಮೂರು ಕಿಲೋಗ್ರಾಂ ತೂಗುವ ಆ ಹಕ್ಕಿಗೆ ಅದು ಎಂಥ ಪ್ರಯಾಣವೆಂಬುದನ್ನು ಊಹಿಸಿರಿ. ಪರದೇಶ ಪ್ರವಾಸ ಮಾಡಿ ಕಾಡುಪ್ರಾಣಿಗಳನ್ನು ಸಮೀಪದಿಂದ ಕಂಡೆವೆಂದು ನಾವು ಬೀಗುತ್ತೇವೆ. ಇಲ್ಲಿ ಪರದೇಶದಿಂದ ಬಂದ ಪ್ರವಾಸಿಗಳು ಅವು, ಅವುಗಳಿಗೆ ಎದುರಾಗುವ ಪ್ರಾಣಿಗಳು ನಾವು.

ಇಂಥ ಭೇಟಿಯ ಒಂದು ಗುರುತು ಜರ್ಮನಿಯ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇದೆ. 1822ರಲ್ಲಿ ಆ ದೇಶದ ಕ್ಲುಟ್ಸ್ ಎಂಬ ಊರಿನ ಬಳಿ ಒಂದು ಬಿಳಿ ಕೊಕ್ಕರೆಯು ದೊರೆಯಿತು. ಅದರ ಕೊರಳನ್ನು ಹಾದು ಸುಮಾರು 75 ಸೆಂಟಿಮೀಟರು ಉದ್ದದ ಆಫ್ರಿಕದ ಈಟಿಯೊಂದು ನಾಟಿಕೊಂಡಿತ್ತು. ಈಟಿಯನ್ನು ಹೊತ್ತುಕೊಂಡೇ ಆ ಹಕ್ಕಿ ಆಫ್ರಿಕದಿಂದ ಯುರೋಪಿಗೆ ಹಾರಿ ಬಂದಿತ್ತು! ಚಳಿಗಾಲದಲ್ಲಿ ಕೊಕ್ಕರೆಗಳು ಎಲ್ಲಿಗೆ ಹೋಗುವುವೆಂದು ತರ್ಕಿಸುತ್ತಿದ್ದ ವಿದ್ವಾಂಸರಿಗೆ ಅದರಿಂದ ಒಂದು ಸಾಕ್ಷ್ಯವು ದೊರೆಯಿತು. ವಿಜ್ಞಾನಕ್ಕೆ ಲಾಭವಾಯಿತೆಂಬುದು ನಿಜ. ಆ ಲಾಭಕ್ಕೆ ಬೆಲೆ ತೆತ್ತುದು ಕೊಕ್ಕರೆ.

ನಾವು ಧೂಪದಾಳವನ್ನು ತಲುಪಿದಾಗ ಕೆಸರಿನ ಅಂಚಿನಲ್ಲಿ ಒಂದು ಗುಂಪು ಕ್ರೌಂಚಗಳು ಇಳಿದಿದ್ದುವು. ನಮ್ಮ ವಿದ್ಯಾರ್ಥಿ, ಬೆಳಗ್ಗೆ ಆನೆಯ ವಿಷಯವನ್ನು ಕೇಳಿದವನೇ, ಕೈಯಲ್ಲಿ ಕಲ್ಲನ್ನು ಎತ್ತಿಕೊಂಡಿದ್ದ. ಇನ್ನೊಬ್ಬನು ಫೋನನ್ನು ಹಿಡಿದು ಸಿದ್ಧನಾಗಿದ್ದ. ಗದರಿದೆವು. “ಹೊಡ್ಯಾಕಲ್ರೀ ಸರ್, ಸುಮ್ನ ಹಾರಸಾಕ್ರೀ, ವೀಡಿಯೋ ಸಲುವಾಗಿ” ಎಂದ. ಹಾಗೆ ಮಾಡಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದೊಳಗೆ ಪ್ರಾಣಿಪಕ್ಷಿಗಳನ್ನು ಕೆಣಕುವುದೇ ಅಪರಾಧ ಎಂದು ಹೇಳಿದೆವು. ಅವನು ಕಲ್ಲನ್ನು ಕೆಳಕ್ಕೆ ಬಿಟ್ಟ. ಬಿಟ್ಟು, ಯಾವ ಕುಚೋದ್ಯವೂ ಇಲ್ಲದೆ ಕೇಳಿದ: “ಮತ್ತ ನೀವೂ ಆನಿ ಸಮೀಪ ಹೋಗಿದ್ರಲ್ರೀ ಸರ್?”

ವಾಚಕರೇ, ಆ ಪ್ರಶ್ನೆಗೆ ನಾವು ಏನನ್ನು ತಾನೇ ಹೇಳಬಹುದಾಗಿತ್ತು? ಕಲ್ಲನ್ನು ಎತ್ತಿಕೊಂಡವನಿಗೂ ಇನಾಮಿನ ಆಸೆ ತೋರಿಸಿದವನಿಗೂ ವ್ಯತ್ಯಾಸವಿದ್ದರೆ ಅದು ವಯಸ್ಸಿನದು ಮಾತ್ರ.

ಕಲ್ಲಿನಿಂದ ಆಗಬಹುದಾಗಿದ್ದ ನಷ್ಟವನ್ನೂ ಲೆಕ್ಕ ಹಾಕೋಣ. ಎರಡೂವರೆ ಕಿಲೋಗ್ರಾಂ ತೂಕದ ಹಕ್ಕಿಯು ಬೆದರಿ ಐವತ್ತು ಮೀಟರು ಮೇಲಕ್ಕೇರಿದರೆ ಅದು ಮಾಡುವ ಕೆಲಸ ಸುಮಾರು 1,225 ಜೂಲ್. ಸ್ನಾಯುಗಳು ತಮಗೆ ದೊರೆತ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆಂದು ಎಣಿಸಿದರೆ ವೆಚ್ಚವು ಆರು ಸಾವಿರ ಜೂಲನ್ನು ಮೀರುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿರುವುದು ಸುಮಾರು 37,000 ಜೂಲ್. ಅಂದರೆ ಬರಿಯ ಏರಿಕೆಗಾಗಿಯೇ ಆರು ಸಲ ಎಬ್ಬಿಸಿದರೆ ಒಂದು ಗ್ರಾಂ ಕೊಬ್ಬು ಕರಗಿತು. ಸುತ್ತು ಹಾಕುವ ಹಾರಾಟದ ವೆಚ್ಚ ಬೇರೆ, ಮೇಯುವ ಹೊತ್ತು ಹಾಳಾದುದು ಬೇರೆ. ಒಂದು ಗ್ರಾಂ ಅಲ್ಪವೆಂದು ತೋರಬಹುದು. ಆದರೆ ವೀಡಿಯೋ ಬೇಕೆನ್ನುವವರು ದಿನಕ್ಕೆ ಒಬ್ಬರೇ ಬರುವರೇ? ಮರಳಿ ಹೋಗುವ ದಾರಿಗೆಂದು ಹಕ್ಕಿಯು ಕೂಡಿಟ್ಟುಕೊಳ್ಳುವ ಬುತ್ತಿಯಿಂದ ಒಬ್ಬೊಬ್ಬರೂ ಒಂದೊಂದು ತುತ್ತನ್ನು ಕದ್ದಂತೆ ಇದು.

ಹಾಗಾದರೆ ದೂರದಿಂದ ನೋಡಿ ತೃಪ್ತಿಪಡಬೇಕೇ? ಹೌದು, ಆದರೆ ದೂರದಲ್ಲಿ ನಿಂತು ಸಮೀಪದಿಂದ ನೋಡುವ ಉಪಾಯವನ್ನು ಭೌತಶಾಸ್ತ್ರವು ಎಂದೋ ಕಂಡುಹಿಡಿದಿದೆ. 1609ರಲ್ಲಿ ಗೆಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದಾಗ ಚಂದ್ರನ ಬೆಟ್ಟಗಳು ಹತ್ತಿರಕ್ಕೆ ಬಂದುವು. ಚಂದ್ರನು ಮಾತ್ರ ಇದ್ದಲ್ಲಿಯೇ ಇದ್ದನು. ಎಂಟು ಪಟ್ಟು ಹಿಗ್ಗಿಸುವ ಸಾಮಾನ್ಯ ದುರ್ಬೀನನ್ನು ಹಿಡಿದು 120 ಮೀಟರು ದೂರದಲ್ಲಿ ನಿಂತವನಿಗೆ ಆನೆಯು ಹದಿನೈದು ಮೀಟರು ದೂರದಲ್ಲಿರುವಂತೆ ಕಾಣುತ್ತದೆ. ನಾವು ಅಂಬೊಸೆಲಿಯಲ್ಲಿ ಪ್ರಾಣವನ್ನು ಪಣವಾಗಿಟ್ಟು ಪಡೆದ ದೂರವೂ ಇದೇ. ಧೂಳಿಲ್ಲ, ನಡುಕವಿಲ್ಲ, ಆನೆ ನುಗ್ಗಿದರೂ ಹದಿನೇಳು ಸೆಕೆಂಡು ಕಾಲಾವಕಾಶವುಂಟು. ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಒಂದೆರಡು ದುರ್ಬೀನುಗಳಿದ್ದು, ಪ್ರವಾಸ ಹೊರಡುವ ವಿದ್ಯಾರ್ಥಿಗಳ ಕೈಗೆ ಅವು ಸಿಗುವಂತಾಗಬೇಕೆಂದು ನಮ್ಮ ಆಶೆ.

ದುರ್ಬೀನು ಇಲ್ಲದವರಿಗೆ ಹೆಬ್ಬೆರಳು ಇದ್ದೇ ಇದೆ. ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣನ್ನು ಮುಚ್ಚಿ ನೋಡಿರಿ. ಕಣ್ಣಿನಿಂದ ಬೆರಳಿಗೆ ಸುಮಾರು 60 ಸೆಂಟಿಮೀಟರು. ಬೆರಳಿನ ಉದ್ದ ಸುಮಾರು 6. ಅಂದರೆ ಪ್ರಾಣಿಯು ಹೆಬ್ಬೆರಳಿನಷ್ಟೇ ಎತ್ತರವಾಗಿ ಕಂಡರೆ ಅದು ತನ್ನ ಎತ್ತರದ ಹತ್ತು ಪಟ್ಟು ದೂರದಲ್ಲಿದೆಯೆಂದು ತಿಳಿಯಬೇಕು. 3.3 ಮೀಟರು ಎತ್ತರದ ಗಂಡಾನೆಯಾದರೆ 33 ಮೀಟರು; ಅದು ನಾವು ದಾರಿಯನ್ನು ಬಿಟ್ಟು ಹೋಗಿ ನಿಂತಿದ್ದ ತಪ್ಪು ಸ್ಥಳ. ಒಂದೂವರೆ ಸೆಂಟಿಮೀಟರಿನ ಉಗುರಿನೊಳಗೆ ಆನೆಯು ಅಡಗಿದರೆ ದೂರವು ನಲವತ್ತು ಪಟ್ಟು, ಎಂದರೆ 130 ಮೀಟರಿಗೂ ಮಿಗಿಲು. ಆನೆ ಉಗುರನ್ನು ಮೀರಿ ಬೆಳೆಯತೊಡಗಿದರೆ ಹಿಂದಕ್ಕೆ ಸರಿಯುವ ಸಮಯ ಬಂದಿತೆಂದು ತಿಳಿಯಿರಿ.

ಧೂಪದಾಳದಲ್ಲಿ ನಾವು ಮಾಡಿದುದೂ ಇದನ್ನೇ. ಆ ವಿದ್ಯಾರ್ಥಿಯ ಕೈಗೆ ನಮ್ಮ ದುರ್ಬೀನನ್ನು ಕೊಟ್ಟು, ಒಡ್ಡಿನ ಮೇಲೆಯೇ ಕುಳ್ಳಿರಿಸಿ, ಹಕ್ಕಿಗಳನ್ನು ಎಣಿಸು ಎಂದೆವು. ಅವನು ಮೊದಲು ಮೊಗವನ್ನು ಸಪ್ಪೆ ಮಾಡಿಕೊಂಡ. ಸ್ವಲ್ಪ ಹೊತ್ತಿನಲ್ಲಿ, ಒಂದು ಹಕ್ಕಿಯ ಕಣ್ಣಿನ ಹಿಂದೆ ಬಿಳಿಯ ಗರಿಗಳ ಜುಟ್ಟು ಗಾಳಿಗೆ ಅಲುಗುವುದು ಕಾಣುತ್ತದೆಂದು ಗೆಳೆಯನನ್ನು ಕರೆದು ತೋರಿಸಿದ. ಎಣಿಕೆ ಐವತ್ತನ್ನು ದಾಟಿದಾಗ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸತೊಡಗಿದ. ಹೊತ್ತು ಮುಳುಗುವ ತನಕ ನಾವು ಅಲ್ಲಿದ್ದೆವು. ಅಷ್ಟು ಹೊತ್ತೂ ಆ ಹಕ್ಕಿಗಳು ಕೆಸರಿನಲ್ಲಿ ಕೊಕ್ಕಾಡಿಸುತ್ತಲೇ ಇದ್ದುವು. ಒಂದಾದರೂ ತಲೆಯೆತ್ತಿ ನಮ್ಮತ್ತ ನೋಡಲಿಲ್ಲ.